ಐವರು ಇಲ್ಲದ ನಾಲ್ಕನೇ ಶನಿವಾರ

ಸಿನಿಮಾ ಚೆನ್ನಾಗಿತ್ತಾ ಅಂತ ಮಕ್ಕಳನ್ನು ಕೇಳಬಾರದು. ಕೇಳಿದರೆ ಎಲ್ಲವೂ ಸೂಪರ್. ಮಾರನೇ ಬೆಳಿಗ್ಗೆ ಅಂಗಳದಲ್ಲಿ ಏನು ಆಟ ಆಡುತ್ತಾರೆ ಅಂತ ನೋಡಬೇಕು. ಇಷ್ಟು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನನಗೆ ದಕ್ಕಿದ ಅಳತೆಗೋಲು ಇದೊಂದೇ. ಈ ಪ್ರಕರಣವನ್ನೂ ಅದರಲ್ಲೇ ಅಳೆದಿದ್ದೇನೆ.

ಆದದ್ದು ಇಷ್ಟು. ಬೇಸಿಗೆ ರಜೆಯಲ್ಲಿ ನಮ್ಮ ಮನೆಯಲ್ಲಿ ಸೇರಿದ್ದ ಏಳು ಮಕ್ಕಳು 'ಕುಂಗ್ ಫೂ ಪಾಂಡಾ' ಸರಣಿಯ ನಾಲ್ಕೂ ಸಿನಿಮಾಗಳನ್ನು ನಾಲ್ಕು ಶನಿವಾರ ಸಂಜೆ ಕೂತು ನೋಡಿದರು. ಮೊದಲ ಮೂರರ ಮಾರನೇ ದಿನ ಒಂದೊಂದು ಹೊಸ ಆಟ ಹುಟ್ಟಿತು. ನಾಲ್ಕನೆಯದರ ಮಾರನೇ ದಿನ ಏನೂ ಹುಟ್ಟಲಿಲ್ಲ. ನಕ್ಕಿದ್ದರು, ಚಪ್ಪಾಳೆ ತಟ್ಟಿದ್ದರು, ಆದರೂ ಬೆಳಿಗ್ಗೆ ಅಂಗಳ ಸಪ್ಪೆಯಾಗಿತ್ತು. ಯಾಕೆ?

ಮನೆ, ಮಕ್ಕಳು, ತಾತ

ಮನೆ ಇರುವುದು ತುಮಕೂರಿನ ಕ್ಯಾತ್ಸಂದ್ರದಲ್ಲಿ. ತಟ್ಟೆ ಇಡ್ಲಿ ಅಂದರೆ ಕ್ಯಾತ್ಸಂದ್ರ ಅನ್ನುವುದು ಬೆಂಗಳೂರಿನವರಿಗೂ ಗೊತ್ತು. ಇಡ್ಲಿ ಈ ಕಥೆಯಲ್ಲಿ ಮುಂದೆ ಬರುತ್ತದೆ, ಅದಕ್ಕೇ ಈಗಲೇ ಹೇಳಿಟ್ಟೆ.

ಮಕ್ಕಳಲ್ಲಿ ದೊಡ್ಡವಳು ನನ್ನ ತಮ್ಮನ ಮಗಳು, ಒಂಬತ್ತನೇ ಕ್ಲಾಸು. ಅವಳ ತಂಗಿಗೆ ಐದು ವರ್ಷ, ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳು. ಅಕ್ಕನ ಮಗ ಏಳನೇ ಕ್ಲಾಸು, ನನ್ನ ಮಗ ಆರನೆಯದು. ಎದುರುಮನೆ ಹುಡುಗಿ ನಾಲ್ಕನೇ ಕ್ಲಾಸು. ಮಹಡಿ ಮನೆ ಬಾಡಿಗೆಯವರ ಅವಳಿ ಗಂಡುಮಕ್ಕಳು ಮೂರನೆಯದು. ಇವರ ಜೊತೆ ಎಂಟನೆಯವರು ನಮ್ಮಪ್ಪ, ಎಲ್ಲರಿಗೂ ತಾತ. ತುರುವೇಕೆರೆ ಕಡೆಯವರು. ವಯಸ್ಸಿನಲ್ಲಿ ಮೂಡಲಪಾಯ ಯಕ್ಷಗಾನದಲ್ಲಿ ಗೆಜ್ಜೆ ಕಟ್ಟಿದವರು. ಈಗ ಮಂಡಿ ನೋವು, ಕುರ್ಚಿ ಬಿಟ್ಟು ಏಳುವುದಿಲ್ಲ. ಮಕ್ಕಳ ಸಿನಿಮಾ ಅಂದರೆ ಮೊದಲು ಮೂಗು ಮುರಿದರು. ಆಮೇಲೆ ನಾಲ್ಕೂ ಪೂರ್ತಿ ನೋಡಿದರು.

ನಮಗೆ ಸಿಕ್ಕಿದ್ದು ಇಂಗ್ಲಿಷ್ ಮಾತಿನ ಸಿನಿಮಾಗಳು. ತಾತನಿಗೆ ಇಂಗ್ಲಿಷ್ ಬಾರದು, ಚಿಕ್ಕವರಿಗೆ ಅರ್ಧಂಬರ್ಧ. ಹಾಗಾಗಿ ದೊಡ್ಡವಳು ತಾತನ ಪಕ್ಕ ಕೂತು ಕನ್ನಡದಲ್ಲಿ ಹೇಳುತ್ತಾ ಹೋದಳು. ಈ ಸರಣಿಯ ಮೂರನೇ ಸಿನಿಮಾ ಮಾಡುವಾಗ ಇಂಗ್ಲಿಷಿಗೊಂದು, ಚೀನಿ ಭಾಷೆಗೊಂದು ಅಂತ ಪಾತ್ರಗಳ ತುಟಿ ಚಲನೆಯನ್ನೇ ಎರಡು ಸಲ ಮಾಡಿದ್ದರು. ನಮಗೆ ತುಟಿ ಯಾಕೆ, ದನಿ ಸಿಕ್ಕಿದ್ದರೂ ಸಾಕಿತ್ತು. ಇರಲಿ. ಈ ಅನುವಾದದ ಕೆಲಸವೇ ಆಮೇಲೆ ಒಂದು ಸಾಕ್ಷಿಯಾಗಿ ಒದಗಿತು.

ಮೊದಲ ಮೂರು ಶನಿವಾರ

ಮೊದಲನೆಯದು 2008ರದ್ದು. ನೂಡಲ್ಸ್ ಅಂಗಡಿಯ ದಪ್ಪ ಪಾಂಡಾ ಪೋ, ಯಾರೂ ಊಹಿಸದ ಹಾಗೆ ಕಣಿವೆಯ ಊರನ್ನು ಕಾಯುವ ಡ್ರ್ಯಾಗನ್ ವಾರಿಯರ್ ಆಗಿ ಆಯ್ಕೆಯಾಗುತ್ತಾನೆ. ಗುರು ಶೀಫೂನ ಐವರು ಶಿಷ್ಯರಲ್ಲಿ ಒಬ್ಬಳಾದ, ಚಿಕ್ಕಂದಿನಿಂದ ಅದಕ್ಕೇ ಬೆವರು ಸುರಿಸಿದ ಹುಲಿ ಟೈಗ್ರೆಸ್ ಪಕ್ಕದಲ್ಲೇ ನಿಂತು ನೋಡಬೇಕಾಗುತ್ತದೆ. ಗುರು ಶೀಫೂಗೆ ಇವನನ್ನು ಹೇಗೆ ತಿದ್ದುವುದು ಅಂತ ತಿಳಿಯುವುದಿಲ್ಲ. ಕೊನೆಗೆ ಊಟದ ಆಸೆ ತೋರಿಸಿ ಕಲಿಸುತ್ತಾನೆ.

ಕಡುಬಿನ ದೃಶ್ಯ ಅಂತ ನಮ್ಮನೆಯಲ್ಲಿ ಅದಕ್ಕೆ ಹೆಸರು. ಬಟ್ಟಲಿನ ತುಂಬ ಕಡುಬು. ಪೋ ಕಡ್ಡಿ ಚಾಚುತ್ತಾನೆ, ಶೀಫೂ ಕಸಿಯುತ್ತಾನೆ. ಒಂದೊಂದೇ ಹೋಗಿ ಕೊನೆಯದೊಂದು ಉಳಿಯುತ್ತದೆ. ಅದಕ್ಕಾಗಿ ಕಡ್ಡಿ, ಬಟ್ಟಲು, ಕೈಕಾಲು ಎಲ್ಲದರಲ್ಲೂ ಜಗಳ. ಕೊನೆಗೆ ಪೋ ಗೆಲ್ಲುತ್ತಾನೆ. ಗೆದ್ದವನು ಕಡುಬನ್ನು ತಿನ್ನದೆ ಗುರುವಿನ ಕಡೆ ಎಸೆದು, ನನಗೆ ಹಸಿವಿಲ್ಲ ಅನ್ನುತ್ತಾನೆ. ಇಲ್ಲಿ ದೊಡ್ಡವಳು ಅನುವಾದ ಮಾಡಲಿಲ್ಲ. ಬೇಕಾಗಲೇ ಇಲ್ಲ. ತಾತ ಮೊದಲೇ ನಕ್ಕಿದ್ದರು.

ಮಾರನೇ ದಿನ ಭಾನುವಾರ, ಹೋಟೆಲಿನಿಂದ ತಟ್ಟೆ ಇಡ್ಲಿ ಪಾರ್ಸೆಲ್ ಬಂತು. ತಿಂದು ಕೊನೆಯ ಒಂದು ಇಡ್ಲಿ ಉಳಿಯಿತು. ನನ್ನ ಮಗ ಕೈ ಹಾಕಿದ, ಅಕ್ಕನ ಮಗ ತಟ್ಟೆ ಎಳೆದ, ಅವಳಿಗಳು ಚಮಚ ಹಿಡಿದು ಬಂದರು. ಇಡ್ಲಿ ಕೈಯಿಂದ ಕೈಗೆ ಹಾರಿ, ಚಟ್ನಿ ಗೋಡೆಗೆ ಹಾರಿ, ಕೊನೆಗೆ ಎದುರುಮನೆ ಹುಡುಗಿಗೆ ಸಿಕ್ಕಿತು. ಅವಳು ಅದನ್ನು ತಾತನ ತಟ್ಟೆಗಿಟ್ಟು, ತುಂಬ ಗಂಭೀರವಾಗಿ, "ನಂಗೆ ಹಸಿವಿಲ್ಲ" ಅಂದಳು. ರಜೆ ಮುಗಿಯುವವರೆಗೂ ಭಾನುವಾರ ಇದೇ ಆಟ. ಗೋಡೆ ನಾನೇ ಒರೆಸಿದೆ.

ಎರಡನೆಯದು, 2011ರದ್ದು, ನನ್ನ ಪ್ರಕಾರ ನಾಲ್ಕರಲ್ಲಿ ಎಲ್ಲಕ್ಕಿಂತ ಮೇಲು. ಹೆಬ್ಬಾತು ಅಪ್ಪ ಪಿಂಗ್, ನೀನು ಮೂಲಂಗಿ ಪೆಟ್ಟಿಗೆಯಲ್ಲಿ ಸಿಕ್ಕವನು ಅಂತ ಪೋಗೆ ಹೇಳುತ್ತಾನೆ. ವೈರಿ ಶೆನ್ ಒಂದು ಬಿಳಿ ನವಿಲು. ಕಪ್ಪು ಬಿಳುಪಿನ ಯೋಧನಿಂದ ನಿನಗೆ ಸೋಲು ಅನ್ನುವ ಮಾತು ಕೇಳಿ ಪಾಂಡಾಗಳ ಹಳ್ಳಿಯನ್ನೇ ನಾಶ ಮಾಡಿದವನು. ಅಂದರೆ ಪೋ ಹೊಡೆದಾಡುವುದು ತನ್ನ ತಾಯಿಯನ್ನು ಕಿತ್ತುಕೊಂಡವನ ಜೊತೆ. ಮಗುವನ್ನು ಪೆಟ್ಟಿಗೆಯಲ್ಲಿ ಬಚ್ಚಿಟ್ಟು ತಾಯಿ ಬೇರೆ ದಿಕ್ಕಿಗೆ ಓಡುವ ಚಿತ್ರ ಬಂದಾಗ ಅವಳಿಗಳು ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿದ್ದರು. ಚಿಕ್ಕವಳು ರಾತ್ರಿ ಮಲಗುವಾಗ, "ಅತ್ತೆ, ನಾನೂ ಪೆಟ್ಟಿಗೇಲಿ ಬಂದಿದ್ನಾ?" ಅಂದಳು. ಆಸ್ಪತ್ರೆಯಲ್ಲಿ ಹುಟ್ಟಿದ್ದು ಕಣೇ ಅಂದರೆ ಸ್ವಲ್ಪ ಬೇಜಾರಾದ ಹಾಗಿತ್ತು. ಮಾರನೇ ದಿನದ ಆಟ, ನಲ್ಲಿಯ ಕೆಳಗೆ ಕೈ ಇಟ್ಟು ಹನಿಯನ್ನು ಒಡೆಯದ ಹಾಗೆ ಹಿಡಿಯುವುದು. ಸಿನಿಮಾದಲ್ಲಿ ಶೀಫೂ ಮಾಡಿ ತೋರಿಸುವುದು ಅದೇ. ಏಪ್ರಿಲ್‌ನಲ್ಲಿ ನಲ್ಲಿ ಬಿಟ್ಟು ಆಡುವ ಆಟವಲ್ಲ ಅದು. ಬೈದು ನಿಲ್ಲಿಸಿದೆ.

ಮೂರನೆಯದು 2016ರದ್ದು. ಹೆತ್ತ ಅಪ್ಪ ಲೀ ಸಿಗುತ್ತಾನೆ, ಸಾಕಿದ ಅಪ್ಪ ಪಿಂಗ್‌ಗೆ ಹೊಟ್ಟೆಕಿಚ್ಚು. ಕೈ ಅನ್ನುವ ಹೆಸರಿನ ವೈರಿ ಅಷ್ಟಕ್ಕಷ್ಟೇ, ಬರೀ ಅಬ್ಬರ. ಆದರೆ ಇಬ್ಬರು ಅಪ್ಪಂದಿರ ನಡುವಿನ ಮುನಿಸು ಕರಗುವುದು ಚೆನ್ನಾಗಿದೆ. ಕೊನೆಗೆ ಪೋ ಪಾಂಡಾಗಳಿಗೆ ಕುಂಗ್ ಫೂ ಕಲಿಸಹೊರಟು, ಅವರವರಿಗೆ ಬರುವುದನ್ನೇ ಆಯುಧ ಮಾಡಿಸುತ್ತಾನೆ. ಉರುಳುವವನಿಗೆ ಉರುಳುವುದು, ತಬ್ಬಿಕೊಳ್ಳುವವನಿಗೆ ತಬ್ಬುವುದು. ಮಾರನೇ ದಿನ ಅಂಗಳದಲ್ಲಿ "ನಿಂಗೇನು ಬರುತ್ತೆ?" ಅನ್ನುವ ಆಟ. ಒಬ್ಬನಿಗೆ ಬುಗುರಿ, ಒಬ್ಬನಿಗೆ ಶಿಳ್ಳೆ. ಚಿಕ್ಕವಳನ್ನು ಮಾತ್ರ ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಬದಿಗೆ ಕೂರಿಸಿದ್ದರು. ಆ ಸಿನಿಮಾ ನೋಡಿದ ಮರುದಿನವೇ!

ನಾಲ್ಕನೇ ಶನಿವಾರ

ನಾಲ್ಕನೆಯದು 2024ರದ್ದು, ಎಂಟು ವರ್ಷ ಬಿಟ್ಟು ಬಂದದ್ದು. ಪೋಗೆ ಈಗ ಬಡ್ತಿ. ಕಣಿವೆಗೆ ಹಿರಿಯ ಮಾರ್ಗದರ್ಶಿಯಾಗಬೇಕು, ಡ್ರ್ಯಾಗನ್ ವಾರಿಯರ್ ಸ್ಥಾನಕ್ಕೆ ಬೇರೊಬ್ಬರನ್ನು ಆರಿಸಬೇಕು. ಅವನಿಗೆ ಸ್ಥಾನ ಬಿಡಲು ಮನಸ್ಸಿಲ್ಲ. ಆಗ ಝೆನ್ ಅನ್ನುವ ಕಳ್ಳ ನರಿ ಸಿಗುತ್ತಾಳೆ. ರೂಪ ಬದಲಿಸುವ ಗೋಸುಂಬೆಯೊಬ್ಬಳು ದೂರದ ಪಟ್ಟಣದಲ್ಲಿ ಕೂತು ಪೋನ ದಂಡಕ್ಕೆ, ಅಂದರೆ ಆತ್ಮಗಳ ಲೋಕದ ಬಾಗಿಲು ತೆರೆಯುವ ಕೋಲಿಗೆ, ಹೊಂಚು ಹಾಕಿದ್ದಾಳೆ. ಆತ್ಮಗಳ ಲೋಕದಲ್ಲಿರುವ ಹಳೆಯ ವೈರಿಗಳನ್ನು ಕರೆಸಿ ಅವರ ವಿದ್ಯೆಯನ್ನೆಲ್ಲ ಹೀರಿಕೊಳ್ಳುವುದು ಅವಳ ಲೆಕ್ಕಾಚಾರ. ಪೋ ಮತ್ತು ನರಿ ಅವಳನ್ನು ಹುಡುಕಿ ಹೊರಡುತ್ತಾರೆ.

ಶುರುವಾಗಿ ಸ್ವಲ್ಪ ಹೊತ್ತಿಗೆ ಎದುರುಮನೆ ಹುಡುಗಿ ಕೇಳಿದಳು: "ಆಂಟಿ, ಟೈಗ್ರೆಸ್ ಯಾವಾಗ ಬರ್ತಾಳೆ?"

ಬರ್ತಾಳೆ ಇರು ಅಂದೆ. ಶೀಫೂನ ಆ ಐವರು ಶಿಷ್ಯರೂ ಒಬ್ಬೊಬ್ಬರು ಒಂದೊಂದು ಕೆಲಸದ ಮೇಲೆ ಹೊರಗೆ ಹೋಗಿದ್ದಾರೆ ಅಂತ ಸಿನಿಮಾ ಒಂದು ಮಾತಿನಲ್ಲಿ ಹೇಳಿ ಮುಗಿಸಿತ್ತು. ಹುಲಿ, ಮಂಗ, ಕೊಕ್ಕರೆ, ಹಾವು, ಮಿಡತೆಯಂಥ ಮ್ಯಾಂಟಿಸ್ ಹುಳ. ಮೂರು ಸಿನಿಮಾ ಒಟ್ಟಿಗೆ ಉಂಡು ಒಟ್ಟಿಗೆ ಏಟು ತಿಂದವರು. ಅರ್ಧ ಸಿನಿಮಾ ಆಯಿತು, ಹುಡುಗಿ ಮತ್ತೆ ಕೇಳಿದಳು. ಮತ್ತೂ ಇರು ಅಂದೆ. ಅವರು ಬಂದದ್ದು ಕೊನೆಗೆ, ಹೆಸರುಗಳು ಬರುವ ಹೊತ್ತಿಗೆ. ಒಂದು ಮಾತೂ ಇಲ್ಲ. ಹೊಸದಾಗಿ ಆಯ್ಕೆಯಾದ ನರಿಯ ಅಭ್ಯಾಸಕ್ಕೆ ಜೊತೆಯಾಗಿ ಕಾಣಿಸಿಕೊಂಡರು, ಅಷ್ಟೇ.

ಹುಡುಗಿ ಏನೂ ಹೇಳದೆ ಚಪ್ಪಲಿ ಹಾಕಿಕೊಂಡಳು. ಗೇಟಿನವರೆಗೆ ಹೋಗಿ ವಾಪಸ್ ಬಂದಳು. "ಟೈಗ್ರೆಸ್‌ಗೆ ಯಾಕೆ ಕೊಡ್ಲಿಲ್ಲ ಆಂಟಿ? ಅವಳು ಚಿಕ್ಕೋಳಾಗಿದ್ದಾಗಿಂದ ಪ್ರಾಕ್ಟೀಸ್ ಮಾಡಿದ್ಲಲ್ವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸಿನಿಮಾದ ಹತ್ತಿರವೂ ಇಲ್ಲ. ಒಂದನೇ ಸಿನಿಮಾದಲ್ಲಿ ಟೈಗ್ರೆಸ್ ಕೈ ತಪ್ಪಿದ ಸ್ಥಾನ ಅದು. ಅಲ್ಲಿ ಆ ನೋವಿಗೆ ಜಾಗ ಕೊಟ್ಟಿದ್ದರು. ಅವಳು ಪೋನನ್ನು ಕಂಡರೆ ಸಿಡುಕುತ್ತಿದ್ದಳು, ಎರಡನೆಯದರ ಹೊತ್ತಿಗೆ ಅವನ ಪ್ರಾಣಕ್ಕೆ ಹೆದರುವವಳಾದಳು. ಈಗ ಅದೇ ಸ್ಥಾನ ಮತ್ತೆ ಖಾಲಿಯಾಗಿದೆ, ಶೀಫೂ ಅಭ್ಯರ್ಥಿಗಳನ್ನು ಸಾಲಾಗಿ ತಂದು ನಿಲ್ಲಿಸುತ್ತಾನೆ, ಅವಳ ಹೆಸರೇ ಬರುವುದಿಲ್ಲ. ಬೇಡವಾದರೆ ಬೇಡ, ಯಾಕೆ ಬೇಡ ಅಂತ ಒಂದು ದೃಶ್ಯ ಬೇಕಿತ್ತು. ಕಳ್ಳಿಯನ್ನು ಗುರು ನಂಬುವುದು ಒಳ್ಳೆಯ ಕಥೆಯೇ. ಆದರೆ ಮನೆಯ ಹಿರಿಮಗಳನ್ನು ಊರಿಗೆ ಕಳಿಸಿ ಆಸ್ತಿ ಭಾಗ ಮಾಡಿದ ಹಾಗಾಯಿತು.

ಸುಮ್ನೆ ಬೈಯುವುದು ನ್ಯಾಯವಲ್ಲ. ಬಂಡೆಯ ಅಂಚಿನಲ್ಲಿ ತೂಗಾಡುವ ಹೋಟೆಲಿನ ಜಗಳಕ್ಕೆ ಮಕ್ಕಳು ಬಿದ್ದು ಬಿದ್ದು ನಕ್ಕರು. ಕೆನ್ನೆ ಗುಂಡಗಿನ ಮೊಲದ ಮರಿಗಳು ಹೊಡೆದಾಟ ಅಂದರೆ ಕುಣಿಯುವುದು ಅವಳಿಗಳಿಗೆ ತುಂಬ ಹಿಡಿಸಿತು. ಮಗನನ್ನು ಹುಡುಕಿ ಹೊರಟ ಇಬ್ಬರು ಅಪ್ಪಂದಿರು ಬಂದಾಗಲೆಲ್ಲ ನನಗೇ ಖುಷಿಯಾಯಿತು. ನಿಜ ಹೇಳಬೇಕೆಂದರೆ ಇಡೀ ಸಿನಿಮಾದ ಜೀವ ಆ ಹೆಬ್ಬಾತು ಮತ್ತು ಆ ಮುದಿ ಪಾಂಡಾ.

ಬೇರೆ ಕಾರಣ ಇತ್ತಾ?

ಭಾನುವಾರ ಬೆಳಿಗ್ಗೆ ಇಡ್ಲಿ ಬಂತು. ಅದೇ ಹಳೆಯ ಇಡ್ಲಿ ಜಗಳ. ಹೊಸದೇನೂ ಇಲ್ಲ. ಆಮೇಲೆ ಕ್ರಿಕೆಟ್.

ಮೇಷ್ಟ್ರ ಬುದ್ಧಿ, ತಕ್ಷಣ ತೀರ್ಪು ಕೊಡಬಾರದು ಅನ್ನಿಸಿತು. ಆ ಶನಿವಾರ ಐಪಿಎಲ್ ಮ್ಯಾಚ್ ಇತ್ತು, ಗಂಡುಹುಡುಗರ ಒಂದು ಕಣ್ಣು ಮೊಬೈಲ್ ಮೇಲೆ. ನಡುವೆ ಒಂದು ಸಲ ಕರೆಂಟ್ ಹೋಗಿತ್ತು. ನಾಲ್ಕನೇ ವಾರ ಆದ್ದರಿಂದ ಪಾಂಡಾನೇ ಸಾಕಾಗಿರಬಹುದು. ಅದಕ್ಕೇ ಮುಂದಿನ ವಾರ ಮತ್ತೊಂದು ಮ್ಯಾಚ್ ಇದ್ದ ದಿನವೇ ಬೇಕೆಂದು ಎರಡನೇ ಸಿನಿಮಾವನ್ನು ಮತ್ತೆ ಹಾಕಿದೆ. ನೋಡಿದ್ದೇ, ಕಥೆ ಪೂರ್ತಿ ಗೊತ್ತಿದ್ದದ್ದೇ. ಮೂಲಂಗಿ ಪೆಟ್ಟಿಗೆ ಬರುವ ಹೊತ್ತಿಗೆ ಮೊಬೈಲ್ ದಿಂಬಿನ ಕೆಳಗಿತ್ತು. ಮ್ಯಾಚಿನದೂ ತಪ್ಪಲ್ಲ, ಪಾಂಡಾ ಸಾಕಾಗಿದ್ದೂ ಅಲ್ಲ.

ದೊಡ್ಡವಳು ಇನ್ನೊಂದು ವಿಷಯ ಹೇಳಿದಳು. "ಅತ್ತೆ, ನಾಲ್ಕನೇದ್ರಲ್ಲಿ ನಂಗೆ ಬಾಯಿ ನೋವು ಬಂತು. ಒಂದೇ ಸಮ ಮಾತು." ನಿಜ. ಮೊದಲನೆಯದರಲ್ಲಿ ತಾತನ ಪಕ್ಕ ಅವಳು ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದಳು. ಕಡುಬು, ಪೋ ಹತ್ತುವ ಮೆಟ್ಟಿಲು, ಬಿಚ್ಚಿದರೆ ಖಾಲಿ ಇರುವ ಸುರುಳಿ, ಇವಕ್ಕೆಲ್ಲ ಅನುವಾದ ಬೇಕಿಲ್ಲ. ನಾಲ್ಕನೆಯದರಲ್ಲಿ ಯಾರು ಯಾರಿಗೆ ಏನಾಗಬೇಕು, ಯಾರಿಗೆ ಏನು ಬೇಕು, ಯಾಕೆ ಬೇಕು, ಎಲ್ಲವೂ ಬಾಯಿಮಾತಿನಲ್ಲೇ. ಕಣ್ಣಿಗೆ ಕಾಣಬೇಕಾದ್ದು ಕಿವಿಗೆ ಬಂತು.

ತಾತನ ತಕರಾರು

ನಾನು ಟೈಗ್ರೆಸ್ ವಿಷಯದಲ್ಲೇ ಸಿಕ್ಕಿಹಾಕಿಕೊಂಡಿದ್ದೆ. ತಾತನ ತಕರಾರು ಬೇರೆಯೇ. ಅವರಿಗೆ ಕಷ್ಟವಾದದ್ದು ಗೋಸುಂಬೆ.

"ಅವ್ಳು ಪೀಠಿಕೆ ಸರ್ಯಾಗಿ ಹೇಳ್ಕೊಳ್ಲಿಲ್ಲ ಕಣಮ್ಮ" ಅಂದರು.

ಬಯಲಾಟ ನೋಡಿದವರಿಗೆ ಇದು ಗೊತ್ತಿರುತ್ತದೆ. ಪಾತ್ರ ರಂಗಕ್ಕೆ ಬಂದ ಕೂಡಲೇ ಕಥೆ ಓಡುವುದಿಲ್ಲ. ಬಂದವರು ಯಾರು, ಎಲ್ಲಿಯವರು, ಬಂದ ಕಾರಣವೇನು ಅಂತ ಭಾಗವತರು ಕೇಳಬೇಕು. ರಾಜನಾಗಲಿ ರಾಕ್ಷಸನಾಗಲಿ ತನ್ನ ಹೆಸರು, ಊರು, ಪರಾಕ್ರಮ ಎಲ್ಲ ಹೇಳಿಕೊಂಡು ಕುಣಿಯಬೇಕು. ರಾಕ್ಷಸನ ಪಾತ್ರಕ್ಕಂತೂ ಇದಕ್ಕೇ ಎಷ್ಟೋ ಹೊತ್ತು. ತಾತ ಹೇಳುವ ಪ್ರಕಾರ ಕರಿಭಂಟನ ಕಥೆ ಊರಿಗೆಲ್ಲ ಬಾಯಿಪಾಠ, ಆದರೂ ಜನ ಬೆಳಗಿನ ಜಾವದವರೆಗೆ ಕೂರುತ್ತಿದ್ದರು. ಮುಂದೇನು ಅಂತ ನೋಡೋಕಲ್ಲ. ಗೊತ್ತಿರುವವನೇ ಈ ಸಲ ಹೇಗೆ ಬಂದ ಅಂತ ನೋಡೋಕೆ. "ನಂ ಕರಿಭಂಟ ಬರ್ಲಿಲ್ಲ, ಅವ್ನ ಬದ್ಲು ಬ್ಯಾರೆಯೋನ್ ಕುಣೀತಾನೆ ಅಂದ್ರೆ ಜನ ಚಾಪೆ ಸುತ್ಕೊಂಡು ಎದ್ದೋಗ್ತಿದ್ರು" ಅಂದರು. ಅದು ಐವರ ವಿಷಯ. ಗೋಸುಂಬೆಯದು ಇನ್ನೂ ಮುಖ್ಯ ಅನ್ನುವುದು ಅವರ ವಾದ.

ಗೋಸುಂಬೆಗೆ ಒಂದು ಹಿಂದಿನ ಕಥೆ ಇದೆ. ಅವಳಿಗೂ ಕುಂಗ್ ಫೂ ಕಲಿಯುವ ಆಸೆಯಿತ್ತು. ನೀನು ತುಂಬ ಸಣ್ಣವಳು ಅಂತ ಯಾವ ಗುರುಕುಲವೂ ಸೇರಿಸಲಿಲ್ಲ. ಅದಕ್ಕೇ ಮಾಟ ಕಲಿತಳು, ಪರರ ವಿದ್ಯೆ ಕದಿಯತೊಡಗಿದಳು. ಇದನ್ನು ಓದಿ ಒಂದು ನಿಮಿಷ ನಿಲ್ಲಿ. ಪೋ ಯಾರು? ನೀನು ತುಂಬ ದಪ್ಪ ಅಂತ ಎಲ್ಲರೂ ನಕ್ಕವನು. ಶೀಫೂನ ಗುರುವಾದ ಒಬ್ಬ ಮುದಿ ಆಮೆ ಬೆರಳು ತೋರಿಸಿದ್ದಕ್ಕೆ ಬಾಗಿಲು ತೆರೆಯಿತು. ಇವಳಿಗೆ ಯಾರೂ ಬೆರಳು ತೋರಿಸಲಿಲ್ಲ. ಇಬ್ಬರೂ ಒಂದೇ ಬಾಗಿಲಿನ ಹೊರಗೆ ನಿಂತಿದ್ದವರು. ಈ ಸರಣಿಗೆ ಇದಕ್ಕಿಂತ ಒಳ್ಳೆಯ ವೈರಿ ಸಿಗುವುದು ಕಷ್ಟ. ಆದರೆ ಸಿನಿಮಾ ಅದನ್ನು ನಾಲ್ಕು ಮಾತಿನಲ್ಲಿ ಹೇಳಿಸಿ ಮುಂದೆ ಓಡುತ್ತದೆ. ಪೋಗೆ ಅದು ತಟ್ಟುವುದೇ ಇಲ್ಲ. ಶೆನ್‌ನ ಎದುರು ನಿಂತಾಗ ಪೋಗೆ ತನ್ನ ಬಾಲ್ಯವೇ ಎದುರು ನಿಂತ ಹಾಗಿತ್ತು. ಗೋಸುಂಬೆಯ ಎದುರು ನಿಂತಾಗ ಅವಳು ಅವನಿಗೆ ಇನ್ನೊಂದು ಕೆಲಸ, ಅಷ್ಟೇ.

ಹಳೆಯ ವೈರಿಗಳನ್ನು ಕರೆಸಿದ್ದೂ ಹೀಗೇ ವ್ಯರ್ಥವಾಯಿತು. ಒಂದನೆಯದರ ಹಿಮಚಿರತೆ ತೈ ಲುಂಗ್‌ಗೆ ಮಾತ್ರ ಮಾತಿದೆ. ಶೆನ್, ಕೈ ಇಬ್ಬರೂ ಬಂದು ಸುಮ್ಮನೆ ನಿಲ್ಲುತ್ತಾರೆ. ಶೆನ್ ಕಂಡ ಕೂಡಲೇ ಅವಳಿಗಳು ಉಸಿರು ಬಿಗಿಹಿಡಿದರು. ಪೋನ ತಾಯಿಯನ್ನು ಕೊಂದವನು ಮತ್ತೆ ಬಂದಿದ್ದಾನೆ! ಪೋ ಏನು ಹೇಳುತ್ತಾನೆ? ಏನೂ ಹೇಳುವುದಿಲ್ಲ. ಕೊನೆಗೆ ಎಲ್ಲರೂ ಪೋಗೆ ತಲೆಬಾಗಿ ಹೊರಟುಹೋಗುತ್ತಾರೆ. ಮದುವೆಗೆ ಬಂದು ಉಡುಗೊರೆ ಕೊಟ್ಟು ಊಟ ಮಾಡದೆ ಹೋದ ನೆಂಟರ ಹಾಗೆ.

ಇನ್ನೊಂದು ತೊಡಕು ಮೂರನೆಯದರಲ್ಲೇ ಹುಟ್ಟಿದ್ದು. ಅಲ್ಲಿಗೆ ಕಥೆ ಮುಗಿದಿತ್ತು. ಪೋ ಶಿಷ್ಯನಿಂದ ಗುರುವಾದ, ಅಪ್ಪ ಸಿಕ್ಕ, ಆಮೆಯ ದಂಡವೂ ಕೈಗೆ ಬಂತು. ನಾಲ್ಕನೆಯದು ಅವನನ್ನು ಮತ್ತೆ ಮೆಟ್ಟಿಲ ಕೆಳಗೆ ನಿಲ್ಲಿಸಿ, ಬದಲಾವಣೆಗೆ ಹೆದರಬೇಡ ಅನ್ನುವ ಪಾಠ ಹೇಳಿಕೊಡುತ್ತದೆ. ಪಾಸಾದ ಹುಡುಗನನ್ನು ಅದೇ ಕ್ಲಾಸಿನಲ್ಲಿ ಕೂರಿಸಿದ ಹಾಗೆ.

ದುಡ್ಡಿನ ಮಾತು

ಇಷ್ಟೆಲ್ಲ ಹೇಳಿದ ಮೇಲೆ ಇದನ್ನೂ ಹೇಳಬೇಕು. ಗಲ್ಲಾಪೆಟ್ಟಿಗೆಯಲ್ಲಿ ಈ ಸಿನಿಮಾ ಸೋತಿಲ್ಲ. ಮೂರನೆಯದಕ್ಕೆ ಸುಮಾರು 14.5 ಕೋಟಿ ಡಾಲರ್ ಖರ್ಚಾಗಿತ್ತು, ಪ್ರಪಂಚದಾದ್ಯಂತ ಬಂದದ್ದು ಸುಮಾರು 52 ಕೋಟಿ. ನಾಲ್ಕನೆಯದಕ್ಕೆ ಖರ್ಚು ಸುಮಾರು 8.5 ಕೋಟಿಗೆ ಇಳಿದಿತ್ತು, ಬಂದದ್ದು ಮೂರನೆಯದಕ್ಕಿಂತ ಜಾಸ್ತಿ, 54 ಕೋಟಿಯ ಮೇಲೆ. ಲೆಕ್ಕ ಬರೆಯುವವರ ಕಣ್ಣಿಗೆ ಇದು ಗೆದ್ದ ಸಿನಿಮಾ. ಹಳೆಯ ಮೂರರ ಮೇಲಿನ ಪ್ರೀತಿಗೆ ಜನ ಟಿಕೆಟ್ ತೆಗೆದರು ಅನ್ನುವುದು ನನ್ನ ಅಭಿಪ್ರಾಯ. ನಾವೂ ಅದಕ್ಕೇ ನೋಡಿದ್ದು ಅಲ್ವಾ?

ಆಮೇಲೆ ಆದದ್ದು

ತಾತ ಪೀಠಿಕೆಯ ಮಾತು ಆಡುವಾಗ ಮಕ್ಕಳೂ ಅಲ್ಲೇ ಇದ್ದರು. ಪೀಠಿಕೆ ಅಂದ್ರೇನು ಅಂತ ಅಕ್ಕನ ಮಗ ಕೇಳಿದ. ತಾತ ಕುರ್ಚಿಯಲ್ಲೇ ಕೂತು, ಕೈಯಲ್ಲೇ ತಾಳ ಹಾಕಿ, ರಾಕ್ಷಸ ಹೇಗೆ ಬರುತ್ತಾನೆ ಅಂತ ತೋರಿಸಿದರು. ಮಂಡಿ ನೋವು ಮರೆತು ಒಂದು ಸಲ ಎದ್ದೂ ನಿಂತರು. ಮುಂದಿನ ಭಾನುವಾರ ಮಕ್ಕಳು ನಾಲ್ಕನೇ ಸಿನಿಮಾವನ್ನು ತಾವೇ ಆಡುವುದು ಅಂತಾಯಿತು, ತಾತ ಭಾಗವತರು.

ಟೈಗ್ರೆಸ್ ಇರಲೇಬೇಕು ಅಂತ ಎದುರುಮನೆ ಹುಡುಗಿ ಮೊದಲೇ ಷರತ್ತು ಹಾಕಿದಳು. ನನ್ನ ಮಗ ಪೋ. ಉಳಿದವರು ಗುರುಕುಲದ ಗುರುಗಳು. ಗೋಸುಂಬೆ ಆಗೋಕೆ ಯಾರಿಗೂ ಇಷ್ಟವಿಲ್ಲ, ಕೊನೆಗೆ ಸೋಲುವ ಪಾತ್ರ.

"ನಾನಾಗ್ತೀನಿ" ಅಂದಳು ಚಿಕ್ಕವಳು.

ಅಕ್ಕನ ಹಸಿರು ದುಪಟ್ಟಾ ಸುತ್ತಿಕೊಂಡು ಅಂಗಳದ ನಡುವೆ ನಿಂತಳು. ತಾತ, "ಬಂದವರು ತಾವು ಯಾರು?" ಅಂದರು. ಅವಳಿಗೆ ಪರಾಕ್ರಮ ಹೇಳಿಕೊಳ್ಳಲು ಬರಲಿಲ್ಲ. ಯೋಚನೆ ಮಾಡಿ, "ನಾನು ಚಿಕ್ಕೋಳು. ನನ್ನ ಯಾರೂ ಆಟಕ್ಕೆ ಸೇರಿಸ್ಕೊಳಲ್ಲ" ಅಂದಳು. ಅವಳಿಗಳು ನಕ್ಕರು, ದೊಡ್ಡವಳು ನಗಲಿಲ್ಲ. ಚಿಕ್ಕವಳು ಒಬ್ಬೊಬ್ಬ ಗುರುವಿನ ಮುಂದೆ ಹೋಗಿ ಬಾಗಿಲು ತಟ್ಟಿದಳು. ಗುರುಗಳು ಆಟದ ಪ್ರಕಾರ, ಚಿಕ್ಕೋಳು, ಆಮೇಲೆ ಬಾ ಅಂದರು. ಮೂರನೇ ಬಾಗಿಲಿಗೆ ಅವಳ ತುಟಿ ನಡುಗತೊಡಗಿತ್ತು. ಅದು ಆಟವೋ ನಿಜವೋ ನನಗೂ ಗೊತ್ತಾಗಲಿಲ್ಲ. ಆಮೇಲೆ ಒಬ್ಬೊಬ್ಬರನ್ನೇ ಮುಟ್ಟಿ ವಿದ್ಯೆ ಕಿತ್ತುಕೊಂಡಳು. ಬುಗುರಿ, ಶಿಳ್ಳೆ, ಎಲ್ಲ ಅವಳದ್ದೇ.

ಕೊನೆಗೆ ಪೋ ಮತ್ತು ಗೋಸುಂಬೆಯ ನಡುವೆ ಒಂದೇ ಒಂದು ತಟ್ಟೆ ಇಡ್ಲಿ. ನನ್ನ ಮಗ ಬೇಕೆಂದೇ ಸ್ವಲ್ಪ ತಡಮಾಡಿದ ಅಂತ ನನ್ನ ಗುಮಾನಿ. ಇಡ್ಲಿ ಅವಳ ಕೈ ಸೇರಿತು. ಎಲ್ಲರೂ ಅವಳು ಆ ಮಾತು ಹೇಳಲಿ ಅಂತ ಕಾದರು. ಅವಳು ತಾತನ ಕುರ್ಚಿಯ ಹಿಂದೆ ಹೋಗಿ ನಿಂತಳು.

"ಹಸಿವಿಲ್ಲ ಅನ್ನು ಕಣೇ" ಅಂತ ಟೈಗ್ರೆಸ್ ಹೇಳಿಕೊಟ್ಟಳು.

"ನಂಗೆ ಹಸಿವಾಗಿದೆ" ಅಂದಳು ಗೋಸುಂಬೆ, ಬಾಯಿ ತುಂಬ ಇಡ್ಲಿ ತುಂಬಿಕೊಂಡು.